ಮಿಸ್ಕೊ ಬೇ ದೋಣಿ

ಲೆಂಪಿ ಹಾರ್ಯು ಅರ್ಧ ಆಯುಷ್ಯವನ್ನು ಅದಿರಿನ ಹಡಗುಗಳಲ್ಲಿ ಅಡುಗೆ ಮಾಡಿ ಕಳೆದವಳು. ನವೆಂಬರಿನಲ್ಲಿ ಅಮೆರಿಕದ ಸುಪೀರಿಯರ್ ಸರೋವರ ಹುಚ್ಚೆದ್ದು ಕುಣಿಯುವಾಗ, ಪಾತ್ರೆಗಳನ್ನು ಒಲೆಯ ಕಂಬಿಗೆ ಬಿಗಿದು, ಒಂದು ಕೈಯಲ್ಲಿ ಗೋಡೆ ಹಿಡಿದು ಇನ್ನೊಂದರಲ್ಲಿ ಸೂಪು ತಿರುವುತ್ತ, ಹಡಗಿನ ಅಷ್ಟೂ ಗಂಡಸರಿಗೆ ಹೊತ್ತಿಗೆ ಸರಿಯಾಗಿ ಬಿಸಿಯೂಟ ಬಡಿಸಿದವಳು. ಅವಳು ಹಡಗು ಹತ್ತಿದ ಕಾಲಕ್ಕೆ ಹೆಂಗಸರು ಆ ಕೆಲಸಕ್ಕೆ ಹೋಗುತ್ತಿದ್ದುದೇ ಅಪರೂಪ. ಮೊದಲನೇ ವರ್ಷ ಎಂಜಿನ್ ಕೋಣೆಯವನೊಬ್ಬ ಅವಳ ಕಾಫಿಯನ್ನು ಹೀಯಾಳಿಸಿದ್ದ. ಮಾರನೆಯ ದಿನದಿಂದ ಅವನ ಲೋಟಕ್ಕೆ ಬರೀ ಬಿಸಿನೀರು ಬಿತ್ತು, ಅವನು ತಪ್ಪಾಯಿತು ಎನ್ನುವವರೆಗೂ ಅದೇ ಬಿತ್ತು. ಮಿಸ್ಕೊ ಬೇ ಊರಿನಲ್ಲಿ ಈ ಕಥೆ ಕೇಳದವರಿಲ್ಲ. ಕೇಳಿದವರಲ್ಲಿ ಹೆಚ್ಚಿನವರು ಅವಳ ಬಾಯಿಂದಲೇ ಕೇಳಿದವರು.

ಮದುವೆಯಾಗಿರಲಿಲ್ಲ. ಯಾಕೆ ಅಂತ ಯಾರಾದರೂ ಕೆದಕಿದರೆ, ಹಡಗು ತುಂಬ ಗಂಡಸರಿಗೆ ಬೇಯಿಸಿ ಹಾಕಿದೀನಿ, ಮನೆಗೆ ಬಂದ ಮೇಲೂ ಒಬ್ಬ ಬೇಕಾ, ಅನ್ನುತ್ತಿದ್ದಳು. ಅಪ್ಪ ಕಟ್ಟಿದ ಮರದ ಮನೆ, ಹಿತ್ತಲಲ್ಲಿ ಆವಿಸ್ನಾನಕ್ಕೊಂದು ಸೌನಾ ಕೋಣೆ, ಎದುರಿಗೆ ಕೊಲ್ಲಿ. ಎರಡು ಮನೆ ಆಚೆ ತಂಗಿ ಸೈಮಾ. ಹಡಗಿನ ಸಂಬಳದಲ್ಲಿ ತಿಂಗಳು ತಿಂಗಳೂ ನಿವೃತ್ತಿ ಖಾತೆಗೆ ಕಟ್ಟುತ್ತ ಬಂದದ್ದು ಒಳ್ಳೆಯ ಗಂಟೇ ಆಗಿತ್ತು. ಪಿಂಚಣಿಯೊಂದರಲ್ಲೇ ಅವಳ ಜೀವನ ಸುಖವಾಗಿ ನಡೆಯುತ್ತಿದ್ದುದರಿಂದ ಆ ಗಂಟನ್ನು ಅವಳು ಬಿಚ್ಚಿರಲಿಲ್ಲ. ಅದು ಅಲ್ಲಿದೆ ಅನ್ನುವುದೇ ಅವಳಿಗೊಂದು ಬಲ.

ಎಪ್ಪತ್ತಮೂರು ತುಂಬಿದಾಗ ಸರ್ಕಾರ ಆ ಗಂಟಿನ ಮಾತೆತ್ತಿತು. ಆ ಖಾತೆಗೆ ದುಡ್ಡು ಹಾಕುವಾಗ ತೆರಿಗೆ ಕಟ್ಟಿರುವುದಿಲ್ಲವಲ್ಲ, ಇಷ್ಟು ವಯಸ್ಸಾದ ಮೇಲೆ ವರ್ಷಕ್ಕಿಷ್ಟು ಅಂತ ತೆಗೆಯಲೇಬೇಕು, ತೆಗೆದದ್ದಕ್ಕೆ ತೆರಿಗೆ ಕೊಡಲೇಬೇಕು. ಕಾನೂನೇ ಹಾಗೆ. ಲೆಂಪಿ ಗೊಣಗುತ್ತ ತೆಗೆದಳು. ಬೇಡವಾಗಿದ್ದ ಆ ದುಡ್ಡಿನ ಮೇಲೆ ತೆರಿಗೆ ಬಿದ್ದದ್ದಲ್ಲದೆ, ಆದಾಯ ಏರಿತೆಂದು ಪಿಂಚಣಿಯ ಮೇಲೂ ಮೊದಲಿಗಿಂತ ಹೆಚ್ಚು ಬಿತ್ತು. ಊರವರ ತೆರಿಗೆ ವ್ಯವಹಾರ ನೋಡಿಕೊಳ್ಳುತ್ತಿದ್ದ ವರ್ನಾ ಕೊಲೆಟ್ಟಿಯ ಮೇಲೆ, ಕಾನೂನನ್ನು ಅವಳೇ ಬರೆದವಳೆಂಬಂತೆ, ಲೆಂಪಿ ಇಡೀ ವಸಂತ ಮುನಿಸಿಕೊಂಡಿದ್ದಳು.

ಅದಾದ ಮುಂದಿನ ಫೆಬ್ರವರಿಯಲ್ಲಿ ಕೊಲ್ಲಿಯ ಮಂಜುಗಡ್ಡೆ ಕಿತ್ತುಕೊಂಡು ಹೋಯಿತು.

ಸೈಮಾಳ ಮಗ ಆರ್ವೊ ಮತ್ತು ಅವನ ಗೆಳೆಯ ಎಂದಿನಂತೆ ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಗುಡಿಸಲಿಟ್ಟುಕೊಂಡು, ಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುತ್ತ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ದಡದ ಕಡೆಯಿಂದ ಗಾಳಿ ಎದ್ದಿತು. ದಡಕ್ಕೂ ಗಡ್ಡೆಗೂ ನಡುವೆ ಕಪ್ಪು ನೀರಿನ ಗೆರೆಯೊಂದು ಕಾಣಿಸಿ, ನೋಡನೋಡುತ್ತ ಹೊಳೆಯಷ್ಟು ಅಗಲವಾಯಿತು. ಅವರು ಕೂತ ಗಡ್ಡೆ ಗುಡಿಸಲಿನ ಸಮೇತ ಸರೋವರದ ನಡುವಿಗೆ ತೇಲತೊಡಗಿತು.

ಊರಿನ ರಕ್ಷಣಾ ದಳದ ಮುಂದಾಳು ಎಮಿಲ್ ಬೋಡ್ರಿ ಗ್ಯಾರೇಜಿನಲ್ಲಿ ಟ್ರಕ್ಕಿನ ಅಡಿ ಮಲಗಿದ್ದವನು ಹಾಗೇ ಎದ್ದು ಓಡಿ ಬಂದ. ದಳ ಅಂದರೆ ಸಂಬಳದವರಲ್ಲ. ಅಂಗಡಿಯವರು, ಮರ ಕೊಯ್ಯುವವರು, ಶಾಲೆಯ ಬಸ್ಸು ಓಡಿಸುವವನು. ಅವರಲ್ಲಿದ್ದದ್ದು ಹಳೆಯ ಅಲ್ಯುಮಿನಿಯಮ್ ದೋಣಿ. ನೀರಿನಲ್ಲಿ ಅದು ಚೆನ್ನಾಗಿಯೇ ಹೋಗುತ್ತಿತ್ತು, ಒಡೆದ ಗಡ್ಡೆಗಳ ನಡುವೆ ಕೆಲಸಕ್ಕೆ ಬರಲಿಲ್ಲ. ದಡ ಬಿಟ್ಟು ಸ್ವಲ್ಪ ದೂರಕ್ಕೇ ಮೋಟರಿನ ರೆಕ್ಕೆ ಗಡ್ಡೆಗೆ ಬಡಿದು ಮುರಿಯಿತು. ಅಲ್ಲಿಂದ ಮುಂದಕ್ಕೆ ಅವರು ಗಡ್ಡೆ ಬಂದಲ್ಲಿ ಇಳಿದು ದೋಣಿಯನ್ನು ಎಳೆದರು, ನೀರು ಬಂದಲ್ಲಿ ಹತ್ತಿ ಹುಟ್ಟು ಹಾಕಿದರು. ದಡದಲ್ಲಿ ಊರೇ ನೆರೆದಿತ್ತು. ಸೈಮಾ ತುಟಿ ಪಿಟಕ್ಕೆನ್ನದೆ ನಿಂತಿದ್ದಳು. ಲೆಂಪಿ ತಂಗಿಯ ತೋಳು ಹಿಡಿದುಕೊಂಡವಳು ಬಿಡಲಿಲ್ಲ.

ಮಬ್ಬು ಕವಿಯುವ ಹೊತ್ತಿಗೆ ಎಲ್ಲರೂ ಜೀವಂತ ಬಂದರು. ಆರ್ವೊನ ಬಲಗಾಲಿನ ಬೆರಳೆರಡು ಚಳಿಗೆ ಸತ್ತು, ಆಮೇಲೆ ಆಸ್ಪತ್ರೆಯಲ್ಲಿ ಕತ್ತರಿಸಬೇಕಾಯಿತು. ಎಮಿಲನ ಕೈ ಎಷ್ಟು ಮರಗಟ್ಟಿತ್ತೆಂದರೆ ಕಾಫಿಯ ಲೋಟ ಹಿಡಿಯಲಾಗಲಿಲ್ಲ. ಲೆಂಪಿ ತಾನೇ ಅವನ ತುಟಿಗೆ ಹಿಡಿದು ಕುಡಿಸಿದಳು.

“ಇನ್ನೊಂದ್ಸಲ ಆಗಲ್ಲ ಲೆಂಪಕ್ಕ,” ಎಂದ ಅವನು, ಹಲ್ಲು ಕಟಕಟ ಅನ್ನುತ್ತಿತ್ತು. “ಈ ದೋಣಿ ಇಟ್ಕೊಂಡು ಇನ್ನೊಂದ್ಸಲ ಆಗಲ್ಲ.”

ಬೇಕಾದದ್ದು ಏನೆಂದು ಊರಿಗೆಲ್ಲ ಗೊತ್ತಿತ್ತು. ಚಪ್ಪಟೆ ತಳದ, ಬೆನ್ನಿಗೆ ಆಳೆತ್ತರದ ಫ್ಯಾನು ಹೊತ್ತ ಏರ್‌ಬೋಟು. ಅದಕ್ಕೆ ನೀರೂ ಒಂದೇ, ಗಡ್ಡೆಯೂ ಒಂದೇ. ಎರಡರ ಮೇಲೂ ಜಾರಿಕೊಂಡು ಹೋಗುತ್ತದೆ. ಅದಕ್ಕಾಗಿ ದಳದವರು ಶುಕ್ರವಾರ ಶುಕ್ರವಾರ ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಸುಟ್ಟು ಮಾರುತ್ತಿದ್ದರು. ಹಿಟ್ಟು ಕಲೆಸುತ್ತಿದ್ದವಳು ಲೆಂಪಿಯೇ. ಆ ಲೆಕ್ಕದಲ್ಲಿ ದೋಣಿ ಬರುವ ಹೊತ್ತಿಗೆ ಕೊಳ್ಳುವವರೂ ಇರುವುದಿಲ್ಲ, ಮಾರುವವರೂ ಇರುವುದಿಲ್ಲ ಅಂತ ಅವಳೇ ಆಡಿಕೊಂಡು ನಗುತ್ತಿದ್ದಳು. ಆ ಸಂಜೆಯ ಮೇಲೆ ಅವಳಿಗೆ ನಗು ಬರಲಿಲ್ಲ.

ಶನಿವಾರ ಅಕ್ಕ ತಂಗಿ ಸೌನಾದಲ್ಲಿ ಕೂತಿದ್ದಾಗ ವಿಷಯ ಹೇಳಿದಳು. ನಿವೃತ್ತಿ ಖಾತೆಯಿಂದ ತೆಗೆದು ದೋಣಿಗೆ ಕೊಡುತ್ತೇನೆ, ಒಂದಿಷ್ಟಲ್ಲ, ಅರ್ಧದಷ್ಟು. ಮಗನ ಜೀವ ಉಳಿದದ್ದು ಆ ದಳದಿಂದಲೇ ಆದರೂ ಸೈಮಾ ಒಪ್ಪಲಿಲ್ಲ. ಅವಳು ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತಿಯಾದವಳು, ಮುದುಕರ ದುಡ್ಡು ಎಷ್ಟು ಬೇಗ ಕರಗುತ್ತದೆಂದು ಕಣ್ಣಾರೆ ಕಂಡವಳು. ನಾಳೆ ಹಾಸಿಗೆ ಹಿಡಿದರೆ ಏನು ಗತಿ ಎಂದು ಕೇಳಿದಳು.

“ಹಾಸಿಗೆ ಹಿಡಿದ್ರೆ ನೀನಿದೀಯ.”

“ನಾನ್ಯಾಕೆ ನೋಡ್ಕೊಳ್ಲಿ? ನಿನ್ನ ಬೈಗುಳ ಕೇಳ್ಕೊಂಡು?”

“ಇನ್ನರ್ಧ ಇದೆಯಲ್ಲೇ. ಅದರಲ್ಲಿ ಒಬ್ಬ ಕಿವುಡ ನರ್ಸನ್ನ ಇಟ್ಕೋತೀನಿ, ಬಿಡು,” ಎಂದು ಲೆಂಪಿ ಕಾದ ಕಲ್ಲಿಗೆ ಇನ್ನೊಂದು ಸೌಟು ನೀರು ಹುಯ್ದಳು. ಆವಿ ಎದ್ದು ಇಬ್ಬರ ಮಾತೂ ನಿಂತಿತು.

ಅವಳ ಮನಸ್ಸಿನಲ್ಲಿ ಒಂದು ಚಿತ್ರವಿತ್ತು, ಅದನ್ನು ತಂಗಿಗೂ ಹೇಳಲಿಲ್ಲ. ಫಿನ್‌ಲ್ಯಾಂಡಿನಿಂದ ಬಂದು ನೆಲೆಸಿದ ಹಿರಿಯರು ಕಟ್ಟಿದ ಹಳೆಯ ಸಭಾಂಗಣದಲ್ಲಿ ಊರೆಲ್ಲ ಕೂತಿದೆ. ತಾನು ನೀಲಿ ಅಂಗಿ ತೊಟ್ಟು ಎದ್ದು ಹೋಗಿ, ತನ್ನ ಕೈಯಾರೆ ಬರೆದ ಚೆಕ್ಕನ್ನು ಎಮಿಲನ ಕೈಗೆ ಕೊಡುತ್ತಿದ್ದೇನೆ. ಚಪ್ಪಾಳೆ ನಿಲ್ಲುತ್ತಿಲ್ಲ. ದುಡಿದವಳು ನಾನು, ಉಳಿಸಿದವಳು ನಾನು, ಕೊಡುವುದನ್ನು ನಾಲ್ಕು ಜನ ನೋಡಿದರೆ ತಪ್ಪೇನು ಅನ್ನುವುದು ಅವಳ ನಿಲುವು. ಹಾಗೇ ನೆಟ್ಟಗೆ ವರ್ನಾಳ ಆಫೀಸಿಗೆ ಹೋಗಿ, ಇಷ್ಟು ದುಡ್ಡು ತೆಗೆಸಿಕೊಡು ಎಂದಳು.

ವರ್ನಾ ಕನ್ನಡಕ ತೆಗೆದಿಟ್ಟು, ಯಾಕೆಂದು ಕೇಳಿ ತಿಳಿದುಕೊಂಡಳು. ಆಮೇಲೆ ನಿಧಾನವಾಗಿ ವಿವರಿಸಿದಳು. ಅಷ್ಟನ್ನೂ ತೆಗೆದು ನಿಮ್ಮ ಬ್ಯಾಂಕಿಗೆ ಹಾಕಿಕೊಂಡರೆ ಅದು ನಿಮ್ಮ ಆದಾಯ, ಮಾರನೆಯ ದಿನ ದಾನ ಕೊಟ್ಟರೂ ಆ ವರ್ಷದ ತೆರಿಗೆ ಮೈಮೇಲೆ ಬೀಳುತ್ತದೆ. ದಾನ ಕೊಟ್ಟೆ ಅಂತ ಆಮೇಲೆ ತೋರಿಸಿದರೆ ಬಿದ್ದದ್ದೆಲ್ಲ ವಾಪಸು ಬರುವುದಿಲ್ಲ. ಅದರ ಬದಲು, ನಿಮ್ಮ ವಯಸ್ಸಿನವರಿಗೆ ಒಂದು ದಾರಿ ಇದೆ. ಖಾತೆ ಇಟ್ಟುಕೊಂಡ ಕಂಪನಿಯಿಂದ ದುಡ್ಡು ನೇರ ಸೇವಾಸಂಸ್ಥೆಯ ಹೆಸರಿಗೇ ಹೋದರೆ, ಅದು ನಿಮ್ಮ ಆದಾಯಕ್ಕೆ ಸೇರುವುದೇ ಇಲ್ಲ. ವರ್ಷಕ್ಕಿಷ್ಟು ತೆಗೆಯಲೇಬೇಕು ಅನ್ನುವ ಆ ಲೆಕ್ಕವೂ ಅದರಲ್ಲೇ ತೀರಿಹೋಗುತ್ತದೆ.

“ಅಂದ್ರೆ ನನ್ನ ದುಡ್ಡನ್ನ ನಾನೇ ಮುಟ್ಟೋ ಹಾಗಿಲ್ಲ?”

“ಮುಟ್ಟಿದ್ರೆ ನಿಮ್ಮ ಆದಾಯ. ಮುಟ್ಟದಿದ್ರೆ ಪೂರ್ತಿ ದೋಣಿಗೆ.”

ಲೆಂಪಿಯ ಕಣ್ಣ ಮುಂದಿನ ನೀಲಿ ಅಂಗಿ, ಚಪ್ಪಾಳೆ ಎಲ್ಲ ಒಮ್ಮೆಗೇ ಕರಗಿಹೋದವು. ತೆರಿಗೆಗೆ ಹೋಗಬಹುದಾದದ್ದು ಎಷ್ಟೆಂದು ಕೇಳಿದಳು. ವರ್ನಾ ಅಂದಾಜು ಹೇಳಿದಳು. ದೋಣಿಯ ಎಂಜಿನ್ನೇ ಬರುವಷ್ಟಿತ್ತು. ಅಲ್ಲಿಗೆ ಲೆಂಪಿ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು, ಹಾಗೇ ಆಗಲಿ ಎಂದಳು. ಅವಳು ಬಾಗಿಲಿಗೆ ಹೋಗುವಷ್ಟರಲ್ಲಿ ವರ್ನಾ ಇನ್ನೊಂದು ಮಾತು ಕೇಳಿದಳು: ದಳ ಸರ್ಕಾರ ಒಪ್ಪಿದ ಸೇವಾಸಂಸ್ಥೆ ತಾನೆ?

ಆಗಿರಲಿಲ್ಲ. ದಳ ಏನೂ ಆಗಿರಲಿಲ್ಲ. ಎಮಿಲನ ಅಪ್ಪ ಒಂದು ಹಗ್ಗ, ಒಂದು ದೋಣಿ ಇಟ್ಟುಕೊಂಡು ಶುರು ಮಾಡಿದ್ದು. ಅಪ್ಪ ಸತ್ತ ಮೇಲೆ ಮಗ ಮುಂದುವರಿಸಿದ. ಪ್ಯಾಸ್ಟಿಯ ದುಡ್ಡು ಎಮಿಲನ ಗ್ಯಾರೇಜಿನ ಖಾತೆಯಲ್ಲೇ ಇರುತ್ತಿತ್ತು. ಅವನು ಅದರಲ್ಲಿ ಒಂದು ಕಾಸು ಮುಟ್ಟಿದವನಲ್ಲ, ಹಾಗಾಗಿ ಯಾರೂ ಕೇಳಿದವರೂ ಇಲ್ಲ.

ಲೆಂಪಿ ಗ್ಯಾರೇಜಿಗೆ ಹೋಗಿ ವಿಷಯ ಹೇಳಿದಾಗ ಎಮಿಲ್ ಮೊದಲು ಕೈಯಲ್ಲಿದ್ದ ಸ್ಪಾನರು ಕೆಳಗಿಟ್ಟು ಅವಳನ್ನು ತಬ್ಬಿಕೊಂಡ. ದಳವನ್ನು ನೋಂದಾಯಿಸಬೇಕು, ನಿಯಮ ಬರೆಯಬೇಕು, ಪದಾಧಿಕಾರಿಗಳನ್ನು ಆರಿಸಬೇಕು ಅನ್ನುವ ಮಾತು ಬಂದ ಕೂಡಲೇ ತೋಳು ಸಡಿಲವಾಯಿತು.

“ನಮ್ಮಪ್ಪ ಯಾರ ಪರ್ಮಿಷನ್ ತಗೊಂಡೂ ನೀರಿಗೆ ಇಳಿದೋನಲ್ಲ,” ಎಂದ. “ನಾನೂ ತಗೊಳ್ಳಲ್ಲ.”

“ಪರ್ಮಿಷನ್ ಯಾರು ಕೇಳಿದ್ರೋ? ಹೆಸರು ಕೇಳ್ತಿದಾರೆ.”

“ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ, ನಾನು ಪ್ರಾಮಾಣಿಕ ಹೌದೋ ಅಲ್ವೋ ಅಂತ. ಅದಕ್ಕೆ ವಾಷಿಂಗ್ಟನ್‌ನೋರ ಮೊಹರು ಬೇಕಾ ನಂಗೆ?”

ಅಪ್ಪನಿಂದ ಬಂದದ್ದನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಎಂಬಂತೆ ಅವನ ಮುಖ ಕೆಂಪಾಗಿತ್ತು. ಲೆಂಪಿಗೆ ಆ ಮುಖ ಅರ್ಥವಾಯಿತು. ತನ್ನ ಮುಖವೂ ವರ್ನಾಳ ಆಫೀಸಿನಲ್ಲಿ ಹೀಗೇ ಆಗಿರಬೇಕು ಅನ್ನಿಸಿತು. ಹಾಗಾಗಿ ಗದರಲಿಲ್ಲ. ಗದರುವುದೇ ಅಭ್ಯಾಸವಾದವಳು ಅವತ್ತು ದನಿ ತಗ್ಗಿಸಿ ಮಾತಾಡಿದಳು.

“ನಿಮ್ಮಪ್ಪ ಇಳಿದ. ಸರಿ. ನೀನೂ ಇಳಿದೆ. ನಿನ್ನ ಕೈ ಹೆಂಗಾಗಿತ್ತು ಅಂತ ನಾನೇ ನೋಡಿದೀನಿ. ನಿನ್ನ ನಂತರ ಇಳಿಯೋರಿಗೆ ಏನು ಬಿಟ್ಟು ಹೋಗ್ತೀಯ ಹೇಳು, ಗ್ಯಾರೇಜಿನ ಬೀಗದ ಕೈನಾ? ನೀನಿಲ್ಲದೇ ಹೋದ್ರೂ ದಳ ಇರಬೇಕು ಎಮಿಲ್. ಆಗ್ಲೇ ಅದು ನಿಮ್ಮಪ್ಪ ಕಟ್ಟಿದ್ದು ಅಂತ ಆಗೋದು.”

ಅವನು ಸ್ಪಾನರು ಎತ್ತಿಕೊಂಡ. ಟ್ರಕ್ಕಿನ ಅಡಿ ಹೋಗಿ ಮಲಗಿಬಿಟ್ಟ. ಲೆಂಪಿ ಆ ವಾರವೆಲ್ಲ ಅವನ ತಂಟೆಗೆ ಹೋಗಲಿಲ್ಲ. ಭಾನುವಾರ ಚರ್ಚು ಮುಗಿಸಿ ಅವನೇ ಅವಳ ಮನೆಗೆ ಬಂದ, ಕೋಟು ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತ. ಏಲಕ್ಕಿ ಬ್ರೆಡ್ಡಿನ ಒಂದು ತುಂಡು ಪೂರ್ತಿ ತಿಂದ ಮೇಲೆ, ನಿಯಮ ಬರೆಯೋದು ಯಾರು, ನನ್ನ ಅಕ್ಷರ ಯಾರಿಗೂ ಓದೋಕಾಗಲ್ಲ, ಎಂದ.

ವಸಂತವೆಲ್ಲ ಸಭೆಗಳು ಲೆಂಪಿಯ ಅಡುಗೆಮನೆಯಲ್ಲೇ ನಡೆದವು. ಬಿರುಗಾಳಿಗೆ ಹೆದರದ ಗಂಡಸರು ಒಂದು ವಾಕ್ಯ ಬರೆಯಲು ಹೆದರಿ, ತಲೆ ಕೆರೆದುಕೊಂಡು ಕೂರುತ್ತಿದ್ದರು. ದಳದ ಉದ್ದೇಶ ಏನೆಂದು ಬರೆಯಬೇಕಾಗಿ ಬಂದಾಗ ಒಂದು ಸಂಜೆಯೇ ಕಳೆಯಿತು. ಒಬ್ಬ ಕಾಡಿನಲ್ಲಿ ದಾರಿ ತಪ್ಪಿದವರನ್ನೂ ಸೇರಿಸಬೇಕೆಂದ, ಇನ್ನೊಬ್ಬ ಗಡ್ಡೆಗೆ ಸಿಕ್ಕ ನಾಯಿಗಳನ್ನು ಬಿಡಬಾರದೆಂದ. ಜಗಳ ಜೋರಾದಾಗಲೆಲ್ಲ ಲೆಂಪಿ ಸೌಟಿನಿಂದ ಮೇಜು ಕುಟ್ಟುತ್ತಿದ್ದಳು, ಸಭೆ ಹಡಗಿನ ಊಟದ ಕೋಣೆಯಂತೆ ಗಪ್‌ಚಿಪ್ ಆಗುತ್ತಿತ್ತು. ಎಮಿಲನನ್ನು ಅಧ್ಯಕ್ಷನೆಂದು ಆರಿಸಿದರು. ಖಜಾಂಚಿ ಯಾರೆಂಬ ಪ್ರಶ್ನೆ ಬಂತು. ಯಾರೂ ಕೈ ಎತ್ತದಿದ್ದಾಗ, ಮೂಲೆಯಲ್ಲಿ ನೂಲು ಹೆಣೆಯುತ್ತ ಕೂತಿದ್ದ ಸೈಮಾ ಸೂಜಿ ಕೆಳಗಿಟ್ಟು, ನಾನಾಗ್ತೀನಿ ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ. ಲೆಂಪಿ ತಂಗಿಯ ಕಡೆ ನೋಡಿದಳು. ಸೈಮಾ ನೋಡಲಿಲ್ಲ, ಆದರೆ ಅವಳ ಕಿವಿ ಕೆಂಪಾಗಿತ್ತು. ಆರ್ವೊ ಅದೇ ಸಭೆಯಲ್ಲಿ ದಳಕ್ಕೆ ಸೇರಿದ.

ವರ್ನಾ ಅರ್ಜಿ ಕಳಿಸಿದಳು. ಅಲ್ಲಿಂದ ಪ್ರಶ್ನೆ ಬಂತು, ಇಲ್ಲಿಂದ ಉತ್ತರ ಹೋಯಿತು. ಬೇಸಿಗೆ ಕಳೆದು ಕೊಲ್ಲಿಯ ಸುತ್ತ ಮೇಪಲ್ ಮರಗಳು ಕೆಂಪೇರುವ ಹೊತ್ತಿಗೆ ಒಪ್ಪಿಗೆ ಸಿಕ್ಕಿತು. ಸೈಮಾ ಬ್ಯಾಂಕಿನಲ್ಲಿ ದಳದ ಹೆಸರಿಗೇ ಖಾತೆ ತೆರೆದಳು. ಲೆಂಪಿ ತನ್ನ ನಿವೃತ್ತಿ ಖಾತೆಯ ಕಂಪನಿಗೆ ಬೇಕಾದ ಸಹಿ ಹಾಕಿ ಕಳಿಸಿದಳು. ಅಕ್ಟೋಬರಿನ ಒಂದು ಬೆಳಿಗ್ಗೆ ದುಡ್ಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಆ ಹೊತ್ತಿನಲ್ಲಿ ಲೆಂಪಿ ಹಿತ್ತಲಲ್ಲಿ ಆಲೂಗಡ್ಡೆ ಅಗೆಯುತ್ತಿದ್ದಳು. ಸೈಮಾ ಬೇಲಿಯ ಹತ್ತಿರ ಬಂದು, ಬಂತು ಅಕ್ಕ, ಪೂರ್ತಿ ಬಂತು, ಒಂದು ಕಾಸೂ ಕಡಿಮೆಯಿಲ್ಲ, ಎಂದಳು.

ಲೆಂಪಿ ಮಣ್ಣಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ನೆಟ್ಟಗಾದಳು. ಅರ್ಧ ಆಯುಷ್ಯದ ಅರ್ಧ ದುಡಿಮೆ ಕೈಬಿಟ್ಟು ಹೋಗಿತ್ತು, ಅದು ಹೋಗುವುದನ್ನು ಒಂದು ನರಪಿಳ್ಳೆಯೂ ನೋಡಲಿಲ್ಲ. ಬೇಸರವಾಗಬಹುದೆಂದು ಅವಳೇ ಹೆದರಿದ್ದಳು, ಆಗಲಿಲ್ಲ. ಆ ನವೆಂಬರುಗಳು, ಆ ಜೋಲಿ ಹೊಡೆಯುವ ಅಡುಗೆಕೋಣೆ, ಕೈ ಮೇಲಿನ ಎಣ್ಣೆಯ ಕಲೆಗಳು ಎಲ್ಲವೂ ಇಡಿಯಾಗಿ ದಡ ಮುಟ್ಟಿದವು ಅನ್ನಿಸಿತು. ಬೆನ್ನು ತಾನಾಗೇ ನೇರವಾಯಿತು.

ಉಳಿದದ್ದಕ್ಕೆ ಪ್ಯಾಸ್ಟಿಯ ದುಡ್ಡೂ ಅಕ್ಕಪಕ್ಕದ ಊರಿನವರ ಕೊಡುಗೆಯೂ ಸೇರಿ, ಡಿಸೆಂಬರಿನಲ್ಲಿ ಏರ್‌ಬೋಟು ಬಂತು. ಅದಕ್ಕೆ ಅವಳ ಹೆಸರನ್ನೇ ಬರೆಸಬೇಕೆಂದು ಎಮಿಲ್ ಪಟ್ಟು ಹಿಡಿದಿದ್ದ. ಹೆಸರು ಬರೆಸಿದರೆ ಕಾನೂನಿನದೇನೂ ತಕರಾರಿಲ್ಲ ಅಂತ ವರ್ನಾಳೂ ಹೇಳಿದ್ದಳು. ಲೆಂಪಿಗೆ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಕೆಂಪು ಅಕ್ಷರದಲ್ಲಿ ತನ್ನ ಹೆಸರು ಹೇಗೆ ಕಾಣುತ್ತದೆಂದು ಎಷ್ಟೋ ಸಲ ಊಹಿಸಿಕೊಂಡಿದ್ದಳು. ಬಣ್ಣದವನು ಕುಂಚ ಹಿಡಿದು ನಿಂತಾಗ ಮಾತ್ರ ಬೇರೆಯೇ ಹೇಳಿದಳು.

“ಮಿಸ್ಕೊ ಬೇ ಅಂತ ಬರಿ. ದೊಡ್ಡದಾಗಿ ಬರಿ. ಗಡ್ಡೆ ಮೇಲೆ ಕೂತು ಕಾಯ್ತಿರೋನಿಗೆ ನಾವು ಯಾವೂರೋರು ಅಂತ ದೂರದಿಂದ್ಲೇ ಕಾಣಬೇಕು.”

ದೋಣಿ ಬಂದ ಸಂತೋಷಕ್ಕೆ ಸಭಾಂಗಣದಲ್ಲಿ ದಳದ ಊಟ ಇಟ್ಟುಕೊಂಡರು. ಬಾಗಿಲಲ್ಲಿ ಟಿಕೆಟ್ಟು. ಎಮಿಲ್ ಮುಂದಿನ ಮೇಜಿನ ನಡುವಿನ ಕುರ್ಚಿಗೆ ರಿಬ್ಬನ್ ಕಟ್ಟಿ ಅವಳಿಗೆಂದೇ ಇಟ್ಟಿದ್ದ. ಲೆಂಪಿ ನೀಲಿ ಅಂಗಿ ತೊಟ್ಟೇ ಬಂದಳು, ಬಂದವಳು ಬಾಗಿಲಲ್ಲೇ ನಿಂತು ಕೈಚೀಲ ತೆಗೆದಳು.

“ಲೆಂಪಕ್ಕ, ನಿಮ್ಮ ದುಡ್ಡು ಇಲ್ಲಿ ನಡೆಯಲ್ಲ, ಒಳಗಿಡಿ,” ಎಂದ ಎಮಿಲ್. ಸುತ್ತ ಇದ್ದವರೂ ಹೌದು ಹೌದು ಎಂದರು. ಅವಳು ನೋಟು ಚಾಚಿದ ಕೈ ಹಿಂದಕ್ಕೆ ತೆಗೆಯದಿದ್ದಾಗ ಎಮಿಲನಿಗೆ ನಿಜಕ್ಕೂ ನೋವಾಯಿತು. ನಮ್ಮ ಕೈಯಿಂದ ಒಂದು ತಟ್ಟೆ ಊಟವನ್ನೂ ತೆಗೆದುಕೊಳ್ಳಲಾರಿರಾ, ಎಂದು ಕೇಳಿದ.

“ಅಲ್ವೋ, ಆ ದುಡ್ಡಿಗೆ ಪ್ರತಿಯಾಗಿ ನಾನು ಏನೂ ತಗೋಬಾರದು ಅಂತ ಕಾನೂನಿದೆ, ಒಂದು ತಟ್ಟೆ ಊಟಾನೂ ತಗೋಬಾರದು. ವರ್ನಾನ್ನ ಕೇಳು ಬೇಕಾದ್ರೆ,” ಎಂದಳು ಲೆಂಪಿ. “ಇವತ್ತು ಪುಕ್ಕಟೆ ತಿಂದ್ರೆ ಕೊಟ್ಟಿದ್ದಷ್ಟಕ್ಕೂ ತೆರಿಗೆ ಬೀಳುತ್ತೆ, ಅಮೆರಿಕದಲ್ಲೇ ಇಷ್ಟು ದುಬಾರಿ ಪ್ಯಾಸ್ಟಿ ಯಾರೂ ತಿಂದಿರಲ್ಲ.”

ಬಾಗಿಲ ಬಳಿ ನಗೆ ಎದ್ದಿತು. ಎಮಿಲನೂ ನಕ್ಕು ನೋಟು ತೆಗೆದುಕೊಂಡ. ಸೈಮಾ ಖಜಾಂಚಿಯ ಗತ್ತಿನಲ್ಲಿ ಚಿಲ್ಲರೆ ಎಣಿಸಿ ಕೊಟ್ಟಳು. ಲೆಂಪಿ ತಲೆಯೆತ್ತಿಕೊಂಡು ಒಳಗೆ ಹೋಗಿ, ತನ್ನ ದುಡ್ಡಿನ ಊಟವನ್ನು ಉಂಡಳು. ಹಿಟ್ಟು ಗಟ್ಟಿಯಾಯಿತು, ನಾನು ಕಲೆಸಬೇಕಿತ್ತು ಅಂತ ಪಕ್ಕದವರಿಗೆ ಹೇಳುವುದನ್ನು ಮಾತ್ರ ಬಿಡಲಿಲ್ಲ.

ಮಾರ್ಚಿನಲ್ಲಿ ಮತ್ತೆ ದಡದ ಗಾಳಿ ಎದ್ದಿತು. ದಕ್ಷಿಣದ ಪಟ್ಟಣದಿಂದ ಮೀನು ಹಿಡಿಯಲು ಬಂದಿದ್ದ ಅಪ್ಪ ಮಗಳು ಗಡ್ಡೆಯ ಜೊತೆ ತೇಲಿಹೋದರು. ಕರೆ ಬಂದಾಗ ಆರ್ವೊ ಎಲ್ಲರಿಗಿಂತ ಮೊದಲು ಬಂದವನು. ಕುಂಟುತ್ತಲೇ ಓಡಿ ಬಂದು ಚಾಲಕನ ಸೀಟಿಗೆ ಹತ್ತಿದ. ಎಮಿಲ್ ಅವನ ಹಿಂದೆ. ಫ್ಯಾನು ಗುಡುಗಿತು. ದೋಣಿ ದಡದ ಗಡ್ಡೆಯಿಂದ ಕಪ್ಪು ನೀರಿಗೆ ಇಳಿದು, ನೀರಿನಿಂದ ಮತ್ತೆ ಗಡ್ಡೆಗೆ ಹತ್ತಿ, ಎಲ್ಲೂ ನಿಲ್ಲದೆ ಸಾಗಿತು. ಸೈಮಾ ಈ ಸಲವೂ ದಡದಲ್ಲಿ ನಿಂತಿದ್ದಳು. ಈ ಸಲ ಮಾತಾಡುತ್ತಿದ್ದಳು. ನೋಡೇ, ನೋಡೇ ಅಕ್ಕ, ಅಷ್ಟು ಜೋರಾಗಿ ಓಡಿಸಬೇಡ ಅಂತ ಹೇಳಿದೀನಿ ಅವನಿಗೆ, ಎಂದು ಬೈಯುತ್ತಿದ್ದಳು. ಲೆಂಪಿ ನೋಡುತ್ತಲೇ ಇದ್ದಳು. ಕೆಂಪು ಅಕ್ಷರ ಚುಕ್ಕೆಯಾಗಿ ಹೋಗಿ, ಕಾಫಿ ಆರುವ ಮೊದಲೇ ಮತ್ತೆ ಓದಲು ಬರುವಷ್ಟು ಹತ್ತಿರವಾಯಿತು. ದೋಣಿಯಲ್ಲಿ ಹೋದವರಿಗಿಂತ ಇಬ್ಬರು ಹೆಚ್ಚಿದ್ದರು.

ಸಭಾಂಗಣದಲ್ಲಿ ಅವರಿಗೆ ಕಂಬಳಿ ಹೊದಿಸಿ, ಲೆಂಪಿ ಬಟಾಣಿ ಸೂಪು ಬಡಿಸಿದಳು. ಹುಡುಗಿ ತಲೆಯೆತ್ತದೆ ಉಣ್ಣುತ್ತಿತ್ತು. ಅಪ್ಪನಿಗೆ ಇನ್ನೂ ನಡುಕ ನಿಂತಿರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಅಂಥ ದೋಣಿ ಇಷ್ಟು ಸಣ್ಣ ಊರಲ್ಲಿ ಹೇಗೆ, ಯಾರದು ಅದು, ಎಂದು ಎಮಿಲನನ್ನು ಕೇಳಿದ. ಎಮಿಲ್ ಬಾಯಿ ತೆರೆದವನು ಲೆಂಪಿಯ ಕಡೆ ನೋಡಿದ. ಅವಳು ಸೌಟು ಹಿಡಿದವಳು ಮೆಲ್ಲಗೆ ತಲೆ ಅಲ್ಲಾಡಿಸಿದಳು, ಬೇಡ ಅಂತ.

“ನಮ್ದು ಕಣ್ರೀ,” ಎಂದ ಎಮಿಲ್. “ನಮ್ಮೂರಿಂದು.”

ಸುತ್ತ ಕೂತಿದ್ದವರೆಲ್ಲ, ಅಂಗಡಿಯವನು, ಬಸ್ಸಿನವನು, ಬೂಟು ಬಿಚ್ಚಿ ಕಾಲು ಕಾಯಿಸಿಕೊಳ್ಳುತ್ತಿದ್ದ ಆರ್ವೊ, ಹೌದೆಂದು ಗಂಭೀರವಾಗಿ ತಲೆಯಾಡಿಸಿದರು. ಒಬ್ಬೊಬ್ಬರೂ ತಾವೇ ಕೊಂಡಂತೆ ಬೀಗುತ್ತಿದ್ದರು. ಆ ಮುಖಗಳನ್ನು ನೋಡುತ್ತ ಲೆಂಪಿಗೆ ಎದೆ ತುಂಬಿ ಬಂತು. ಹಡಗಿನಲ್ಲಾಗಲಿ ನೆಲದ ಮೇಲಾಗಲಿ ಇಷ್ಟು ದೊಡ್ಡ ಹೆಮ್ಮೆ ಅವಳಿಗೆ ಎಂದೂ ಆಗಿರಲಿಲ್ಲ. ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣದ ಹಾಗೆ ಹುಡುಗಿಯ ಬಟ್ಟಲ ಮೇಲೆ ಬಾಗಿ, ಇನ್ನೊಂದು ಸೌಟು ಹಾಕಿದಳು.